ಕೊಯ್ದ ಮೇಲೂ ನೀರು ಕುಡಿಯುವ ಹೂ

ಶ್ರಾವಣ ಕಳೆದು ಮಳೆ ಹದಕ್ಕೆ ಬಂತೆಂದರೆ ಮಲೆನಾಡಿನ ಅಂಗಳಗಳಲ್ಲಿ ಡೇರೆಯದೇ ದರಬಾರು. ನರ್ಸರಿಯ ಚೀಟಿಯಲ್ಲಿ ಡೇಲಿಯಾ ಎಂದಿರುತ್ತದೆ, ನಮ್ಮ ಬಾಯಲ್ಲಿ ಅದು ಡೇರೆ. ಮೆಕ್ಸಿಕೊದ ಗುಡ್ಡದ ಗಿಡ. 1791ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ಗೌರವಕ್ಕೆ ಅದಕ್ಕೆ ಆ ಹೆಸರಿಟ್ಟರು. ಈಗ ಅದು ಎಷ್ಟು ನಮ್ಮದಾಗಿದೆಯೆಂದರೆ, ಮನೆಗೆ ಬಂದ ನೆಂಟರು ಕಾಲು ತೊಳೆಯುವ ಮೊದಲೇ ಡೇರೆ ಸಾಲಿನ ಮುಂದೆ ನಿಲ್ಲುತ್ತಾರೆ, ಹೊರಡುವಾಗ ಒಂದು ಗಡ್ಡೆ ಕೇಳುತ್ತಾರೆ.

ಇಷ್ಟು ಚಂದದ ಹೂವನ್ನು ಮನೆಯೊಳಗೆ ತಂದಿಟ್ಟರೆ ಮಾತ್ರ ಸಂಜೆಯೊಳಗೆ ಕತ್ತು ಬಾಗಿಸಿಬಿಡುತ್ತದೆ. "ಡೇರೆ ನೋಡೋ ಹೂವು ಮಾರಾಯ್ತಿ, ಕೊಯ್ಯೋ ಹೂವಲ್ಲ" ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆಮೇಲೆ ತಿಳಿಯಿತು, ದೋಷ ಹೂವಿನದಲ್ಲ. ಮಲ್ಲಿಗೆ, ಸೇವಂತಿಗೆ, ಅಬ್ಬಲಿಗೆ ಕೊಯ್ದು ರೂಢಿಯಾದ ಕೈಯಲ್ಲಿ ಡೇರೆಯನ್ನೂ ಕೊಯ್ಯುತ್ತಿದ್ದೆವು.

ನಮ್ಮದು ತೊಟ್ಟು ಮುರಿದು ಹೂ ಕೊಯ್ಯುವ ಪದ್ಧತಿ. ದೇವರಿಗೆ, ಮುಡಿಗೆ, ಮಾಲೆಗೆ ಬೇಕಾದದ್ದು ಹೂವಿನ ತಲೆ ಮಾತ್ರ. ಹಾಗೆ ಕೊಯ್ದ ಹೂವಿಗೆ ನೀರು ಸಿಗುವ ದಾರಿಯೇ ಇಲ್ಲ. ತನ್ನೊಳಗೆ ಇರುವ ತೇವ ಆರಿಹೋಗದಂತೆ ಕಾಯುವುದಷ್ಟೇ ಉಪಾಯ. ಬಾಳೆ ಎಲೆಯಲ್ಲಿ ಕಟ್ಟುವುದು, ಒದ್ದೆ ಬಟ್ಟೆಯಲ್ಲಿ ಸುತ್ತುವುದು, ಬಾಳೆ ನಾರನ್ನು ನೆನೆಸಿ ಹೂ ಕಟ್ಟುವುದು, ಎಲ್ಲವೂ ಇದಕ್ಕಾಗಿಯೇ. ದಂಟಿನ ಸಮೇತ ಕೊಯ್ದ ಹೂವಿನ ಕತೆ ಬೇರೆ. ಬೇರು ಹೋಗಿದ್ದರೂ ಅದು ಇನ್ನೂ ನೀರು ಕುಡಿಯುತ್ತದೆ, ಉಸಿರಾಡುತ್ತದೆ, ಕೆಲವು ಜಾತಿಗಳಲ್ಲಿ ಮೊಗ್ಗಾಗಿದ್ದರೆ ಅರಳುತ್ತದೆ. ಆ ಕುಡಿಯುವ ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದೇ ಹೂದಾನಿಯ ಆರೈಕೆಯ ಮುಕ್ಕಾಲು ಪಾಲು.

ದಂಟಿನೊಳಗೆ ಕೂದಲಿಗಿಂತ ಸಣ್ಣ ನಳಿಕೆಗಳ ಕಂತೆ ಇರುತ್ತದೆ. ಎಲೆ ಮತ್ತು ಎಸಳುಗಳಿಂದ ನೀರು ಆವಿಯಾಗಿ ಹೋದಷ್ಟೂ ಕೆಳಗಿನ ನೀರು ಈ ನಳಿಕೆಗಳಲ್ಲಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬುಡದಿಂದ ತುದಿಯವರೆಗೆ ನೀರು ತುಂಡಾಗದ ಒಂದು ದಾರದಂತೆ ನಿಂತಿರುತ್ತದೆ ಎಂದುಕೊಳ್ಳಿ. ಕತ್ತರಿ ಆಡಿಸಿದ ಕ್ಷಣ ಆ ದಾರ ಹರಿಯುತ್ತದೆ, ಬಿಗಿದು ನಿಂತಿದ್ದ ನೀರು ಮೇಲಕ್ಕೆ ಜಗ್ಗಿಕೊಳ್ಳುತ್ತದೆ, ಖಾಲಿಯಾದ ಬಾಯಿಗೆ ಗಾಳಿ ನುಗ್ಗುತ್ತದೆ. ಆ ಗಾಳಿಗುಳ್ಳೆ ಸಿಕ್ಕಿಕೊಂಡ ನಳಿಕೆ ಮುಚ್ಚಿದ ಹಾಗೇ ಲೆಕ್ಕ. ಹೂದಾನಿಯ ತುಂಬ ನೀರಿದ್ದರೂ ಹೂ ಬಾಯಾರಿ ಬಾಡುವುದು ಹೀಗೆ.

ಆದ್ದರಿಂದ ಕೊಯ್ಯುವ ಹೊತ್ತು ಮುಖ್ಯ. ಬೆಳಗಿನ ಜಾವ ಗಿಡ ರಾತ್ರಿಯಿಡೀ ನೀರುಂಡು ಬಿಗಿದಿರುತ್ತದೆ, ದಾರದ ಮೇಲೆ ಎಳೆತ ಕಡಿಮೆ, ಗಾಳಿ ನುಗ್ಗುವುದೂ ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಇದು ಪೂರ್ತಿ ತಿರುಗುಮುರುಗು. ಸೂರ್ಯ ಮುಳುಗಿದ ಮೇಲೆಯೂ ಕೊಯ್ಯಬಹುದು, ಹಗಲಿಡೀ ಎಲೆಗಳು ಮಾಡಿದ ಸಕ್ಕರೆ ಆಗ ಗಿಡದಲ್ಲಿ ತುಂಬಿರುತ್ತದೆ. ಹನ್ನೊಂದು ಗಂಟೆಗೆ ನೆಂಟರು ಬರುತ್ತಾರೆಂದು ಹತ್ತೂವರೆಗೆ ತೋಟಕ್ಕೆ ಓಡಬೇಡಿ. ಹಿಂದಿನ ಸಂಜೆಯೇ ಕೊಯ್ದಿಡಿ.

ಬಕೆಟ್ಟನ್ನು ಗಿಡದ ಬುಡಕ್ಕೇ ಒಯ್ಯಿರಿ. ಹೂವನ್ನು ಕೊಯ್ದು ಮಡಿಲಲ್ಲಿ ಸುರಿದುಕೊಂಡು, ದಾರಿಯಲ್ಲಿ ಯಾರ ಜೊತೆಗೋ ಮಾತಾಡಿ, ಆಮೇಲೆ ಒಳಗೆ ಬಂದು ಪಾತ್ರೆ ಹುಡುಕುವುದರೊಳಗೆ ಅರ್ಧ ಆಯುಸ್ಸು ಮುಗಿದಿರುತ್ತದೆ. ಹರಿತವಾದ, ತೊಳೆದ ಕತ್ತರಿಯಲ್ಲಿ ಕತ್ತರಿಸಿ ತಕ್ಷಣ ನೀರಿಗೆ ಬಿಡಿ. ಮೊಂಡು ಕತ್ತರಿ ನಳಿಕೆಗಳನ್ನು ಜಜ್ಜಿಬಿಡುತ್ತದೆ. ಒಳಗೆ ಬಂದ ಮೇಲೆ ಅಗಲ ಪಾತ್ರೆಯ ನೀರಿನಲ್ಲಿ ದಂಟಿನ ಬುಡ ಮುಳುಗಿಸಿ, ನೀರೊಳಗೇ ಇನ್ನೊಂದು ಎರಡು ಸೆಂಟಿಮೀಟರ್ ಕತ್ತರಿಸಿ. ಗಾಳಿ ಹೊಕ್ಕ ತುದಿ ಬಿದ್ದುಹೋಗಿ, ಹೊಸ ಬಾಯಿಗೆ ನೇರ ನೀರು ಸಿಗುತ್ತದೆ. ಓರೆಯಾಗಿ ಕತ್ತರಿಸಿ ಎಂದು ಎಲ್ಲರೂ ಹೇಳುತ್ತಾರೆ. ಅದರ ದೊಡ್ಡ ಲಾಭವೆಂದರೆ ದಂಟಿನ ಬಾಯಿ ಹೂದಾನಿಯ ತಳಕ್ಕೆ ಚಪ್ಪಟೆಯಾಗಿ ಅಂಟಿ ಮುಚ್ಚಿಕೊಳ್ಳುವುದಿಲ್ಲ. ಗುಲಾಬಿ, ದಾಸವಾಳದಂಥ ಕಟ್ಟಿಗೆ ದಂಟನ್ನು ಕಲ್ಲಿನಲ್ಲಿ ಜಜ್ಜುವ ರೂಢಿ ಕೆಲವೆಡೆ ಇದೆ, ಅದನ್ನು ಬಿಡಿ. ಜಜ್ಜಿದ ಜಾಗದಲ್ಲಿ ನಳಿಕೆ ಮುರಿಯುತ್ತದೆ, ಕೊಳೆ ಬೇಗ ಶುರುವಾಗುತ್ತದೆ.

ಡೇರೆಗೆ ಇಷ್ಟು ಸಾಲದು. ಅದರ ದಂಟು ಟೊಳ್ಳು, ಮೆತ್ತಗೆ, ಹೂ ಭಾರ. ಡೇರೆ ಬೆಳೆಸುವವರಲ್ಲಿ ಬಿಸಿನೀರಿನ ಒಂದು ರೂಢಿಯಿದೆ. ನೀರನ್ನು ಕುದಿಯುವುದಕ್ಕಿಂತ ಸ್ವಲ್ಪ ಕೆಳಗೆ, ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಒಲೆಯ ಮೇಲಿನ ನೀರಿನ ತಳದಲ್ಲಿ ಸಣ್ಣ ಗುಳ್ಳೆ ಏಳುವ ಹದ. ಉದ್ದ ಕತ್ತಿನ ಪಾತ್ರೆಗೆ ಐದಾರು ಸೆಂಟಿಮೀಟರ್ ಎತ್ತರಕ್ಕೆ ಅದನ್ನು ಹಾಕಿ, ಹೊಸದಾಗಿ ಕತ್ತರಿಸಿದ ದಂಟಿನ ಬುಡ ಅದರಲ್ಲಿರುವಂತೆ ನಿಲ್ಲಿಸಿ, ನೀರು ತಾನಾಗಿ ಆರುವವರೆಗೆ ಒಂದು ಗಂಟೆ ಬಿಡಬೇಕು. ಹಬೆ ಎಸಳಿಗೆ ತಾಗದಂತೆ ಹೂಗಳನ್ನು ಪಾತ್ರೆಯ ಬಾಯಿಂದ ಆಚೆಗೆ ಓರೆ ಮಾಡಿ. ಬಿಸಿಗೆ ದಂಟಿನ ಬಾಯಲ್ಲಿರುವ ಸೂಕ್ಷ್ಮಾಣುಗಳು ಸಾಯುತ್ತವೆ, ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಆಮೇಲೆ ತಣ್ಣಗಿನ ನೀರಿಗೆ ಬದಲಿಸಿ, ಕತ್ತಲೆ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಜೋಡಿಸುವುದು. ಸಂಜೆಗೇ ಕತ್ತು ಬಾಗಿಸುತ್ತಿದ್ದ ನಮ್ಮನೆಯ ಕೆಂಪು ಡೇರೆ ಈಗ ನಾಲ್ಕು ದಿನ, ಚಳಿ ಇದ್ದರೆ ಐದು ದಿನ ನಿಲ್ಲುತ್ತಿದೆ. ಇದಕ್ಕಿಂತ ಹೆಚ್ಚು ಡೇರೆಯಿಂದ ಕೇಳಬಾರದು.

ಇನ್ನೊಂದು, ಡೇರೆ ಕೊಯ್ದ ಮೇಲೆ ಅರಳುವುದಿಲ್ಲ. ಮೊಗ್ಗು ಮೊಗ್ಗಾಗಿಯೇ ಒಣಗುತ್ತದೆ. ಹೂ ಮುಕ್ಕಾಲಿಗಿಂತ ಹೆಚ್ಚು ಅರಳಿರಬೇಕು, ಹಿಂಬದಿಯ ಎಸಳುಗಳು ಮುಟ್ಟಿದರೆ ಗಟ್ಟಿಯಿರಬೇಕು. ಬೆನ್ನಿನ ಎಸಳು ಕಾಗದದಂತೆ ಸೊರಗಿದ್ದರೆ ಆ ಹೂ ಗಿಡದಲ್ಲೇ ಇರಲಿ.

ಎಷ್ಟು ಅರಳಿದಾಗ ಕೊಯ್ಯಬೇಕು ಎನ್ನುವುದು ಹೂವಿನಿಂದ ಹೂವಿಗೆ ಬದಲಾಗುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಗ್ಲಾಡಿಯೋಲಸ್ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅರಳುವ ಹೂ. ಬುಡದ ಒಂದೆರಡು ಮೊಗ್ಗು ಬಣ್ಣ ತೋರಿದಾಗಲೇ ಕೊಯ್ದರೆ ಉಳಿದವು ಹೂದಾನಿಯಲ್ಲಿ ದಿನಕ್ಕೊಂದರಂತೆ ಬಿಚ್ಚಿಕೊಳ್ಳುತ್ತವೆ. ಅದನ್ನು ಮಲಗಿಸಿ ಇಡಬಾರದು. ತುದಿ ಬೆಳಕಿನತ್ತಲ್ಲ, ಮೇಲಕ್ಕೇ ಬಾಗುವ ಸ್ವಭಾವದ್ದು, ಒಂದು ರಾತ್ರಿಯಲ್ಲಿ ಕೊಕ್ಕೆಯಾಗಿಬಿಡುತ್ತದೆ. ಸುಗಂಧರಾಜವೂ ಇದೇ ಕ್ರಮದ್ದು, ಅದರ ಬುಡದ ಎರಡು ಮೂರು ಹೂ ಅರಳಿರಬೇಕು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಪ್ರಜ್ವಲ್, ಸುವಾಸಿನಿ, ವೈಭವ್ ತಳಿಗಳು ಈಗ ಮನೆ ತೋಟಗಳಲ್ಲೂ ಇವೆ. ದಂಟಿನ ಸಮೇತ ಇಡಲು ಸುತ್ತುಸುತ್ತಿನ ಎಸಳಿನ ಸುವಾಸಿನಿ, ವೈಭವ್ ಚೆನ್ನ.

ಗುಲಾಬಿಯ ಹೊರಗಿನ ಒಂದೆರಡು ಎಸಳು ಬಿಚ್ಚತೊಡಗಿರಬೇಕು. ತೀರ ಬಿಗಿ ಮೊಗ್ಗು ಕೊಯ್ದರೆ ಅದರ ಕತ್ತು ಇನ್ನೂ ಎಳತು, ಮಾರನೆಯ ದಿನ ನೆಲ ನೋಡುತ್ತದೆ. ಸೇವಂತಿಗೆ, ಚೆಂಡು ಹೂ, ಆಸ್ಟರ್‌ಗಳನ್ನು ಪೂರ್ತಿ ಅರಳಿದ ಮೇಲೆ ಕೊಯ್ಯಬಹುದು. ಜೀನಿಯಾಕ್ಕೆ ಒಂದು ಸುಲಭ ಪರೀಕ್ಷೆ: ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಮೆಲ್ಲಗೆ ಅಲ್ಲಾಡಿಸಿ, ದಂಟು ಕಡ್ಡಿಯಂತೆ ನಿಂತರೆ ಹದವಾಗಿದೆ, ತಲೆ ಬಳುಕಿದರೆ ಇನ್ನೆರಡು ದಿನ ಬಿಡಿ. ಜರ್ಬೆರಾವನ್ನು ಕತ್ತರಿಸುವುದಕ್ಕಿಂತ ದಂಟಿನ ಬುಡ ಹಿಡಿದು ತಿರುಚಿ ಕೀಳುವುದು ರೂಢಿ, ನಡುವಿನ ಚಕ್ರದ ಹೊರ ಸುತ್ತಿನಲ್ಲಿ ಪರಾಗ ಕಂಡಾಗ. ಆಂಥೂರಿಯಂ ಇದ್ದರೆ ನೀವು ಅದೃಷ್ಟವಂತರು. ಅದರ ನಡುವಿನ ಕಡ್ಡಿ ಅರ್ಧಕ್ಕಿಂತ ಮೇಲೆ ಬಣ್ಣ ಬದಲಿಸಿದಾಗ ಕೊಯ್ದರೆ ಎರಡು ವಾರಕ್ಕೂ ಮೀರಿ ಮೇಜಿನ ಮೇಲೆ ಮಿರುಗುತ್ತಿರುತ್ತದೆ.

ಇನ್ನು ನೀರು. ಎರಡನೆಯ ದಿನ ಹೂದಾನಿಯ ನೀರು ಲೋಳೆಯಾಗಿ ನಾರುವುದನ್ನು ಎಲ್ಲರೂ ಕಂಡಿದ್ದೇವೆ. ಆ ಲೋಳೆ ಸೂಕ್ಷ್ಮಾಣುಗಳ ರಾಶಿ, ಅವೇ ನಳಿಕೆಯ ಬಾಯಿಗೆ ಮೆತ್ತಿಕೊಳ್ಳುತ್ತವೆ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಬಿಡಿ, ಕೊಳೆ ಶುರುವಾಗುವುದು ಅಲ್ಲಿಂದ. ಹೂದಾನಿಯನ್ನು ಊಟದ ಲೋಟದಷ್ಟೇ ಚೊಕ್ಕವಾಗಿ ಸೋಪು ಹಾಕಿ ತೊಳೆಯಿರಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬದಲಿಸುವಾಗೆಲ್ಲ ಬುಡ ಸ್ವಲ್ಪ ಕತ್ತರಿಸಿ. ಇಷ್ಟು ಮಾಡಿದರೆ ಬೇರೆ ಮದ್ದೇನೂ ಇಲ್ಲದೆಯೂ ಹೂ ಬಾಳುತ್ತದೆ.

ಮದ್ದು ಬೇಕೆಂದರೆ ಅಡುಗೆಮನೆಯಲ್ಲೇ ಇದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಸೋಸಿದ ನಿಂಬೆರಸ, ಬಟ್ಟೆಗೆ ಹಾಕುವ ಬ್ಲೀಚ್ ಕಾಲು ಟೀ ಚಮಚ. ಸಕ್ಕರೆ ಹೂವಿನ ಆಹಾರ, ಎಲೆ ಬೇರು ಕಳೆದುಕೊಂಡ ಹೂವಿಗೆ ತಾನೇ ಅಡುಗೆ ಮಾಡಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ಹುಳಿ ನೀರು ನಳಿಕೆಗಳಲ್ಲಿ ಸಲೀಸಾಗಿ ಏರುತ್ತದೆ. ಬ್ಲೀಚ್ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಮೂರೂ ಒಟ್ಟಿಗೆ ಬೇಕು. ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಸೂಕ್ಷ್ಮಾಣುಗಳೇ ಉಂಡು ಬೆಳೆಯುತ್ತವೆ. ಒಂದು ಎಚ್ಚರಿಕೆ: ನಿಂಬೆರಸವನ್ನೂ ಬ್ಲೀಚನ್ನೂ ನೇರವಾಗಿ ಬೆರೆಸಬೇಡಿ, ಕೆಟ್ಟ ಗಾಳಿ ಏಳುತ್ತದೆ. ಸಕ್ಕರೆ, ರಸ ನೀರಿನಲ್ಲಿ ಪೂರ್ತಿ ಕರಗಿದ ಮೇಲೆ ಬ್ಲೀಚ್ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಈ ಹುಳಿ ನೀರನ್ನು ಹಿತ್ತಾಳೆ, ತಾಮ್ರದ ಪಾತ್ರೆಗೆ ಹಾಕಲೇಬೇಡಿ. ಹುಳಿಗೆ ಕಿಲುಬು ಬಿಡುತ್ತದೆ, ಪಾತ್ರೆಯೂ ಹಾಳು ಹೂವೂ ಹಾಳು. ಅಜ್ಜಿಯ ಕಾಲದ ಹಿತ್ತಾಳೆ ಚೊಂಬಿನಲ್ಲೇ ಹೂ ಇಡಬೇಕೆಂಬ ಆಸೆ ನನಗೂ ಇದೆ, ಅದಕ್ಕಿಂತ ಒಪ್ಪುವ ಹೂದಾನಿ ನಾನು ಕಂಡಿಲ್ಲ. ಅದರೊಳಗೆ ಹಿಡಿಸುವ ಒಂದು ಗಾಜಿನ ಲೋಟವಿಟ್ಟು ಲೋಟಕ್ಕೆ ನೀರು ಹಾಕುತ್ತೇನೆ.

ಬಯಲುಸೀಮೆಯವರು ಇನ್ನೊಂದು ವಿಷಯ ಗಮನಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಗ್ಲಾಡಿಯೋಲಸ್ ಮತ್ತು ಜರ್ಬೆರಾ ಫ್ಲೋರೈಡ್ ತಾಳುವುದಿಲ್ಲ, ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೂ ಎಸಳಿನ ಅಂಚು ಸುಟ್ಟಂತಾಗುತ್ತದೆ. ಹೂ ಚೆನ್ನಾಗಿಯೇ ಬೆಳೆದು ಹೂದಾನಿಯಲ್ಲಿ ಮಾತ್ರ ಅಂಚು ಕಂದುತ್ತಿದ್ದರೆ ಮಳೆನೀರು ಹಿಡಿದಿಟ್ಟು ಬಳಸಿ ನೋಡಿ.

ನೀರು ಸರಿಯಿದ್ದೂ ಹೂ ಬೇಗ ಮುದಿಯಾದರೆ ಸುತ್ತ ಏನಿದೆ ನೋಡಿ. ನಮ್ಮ ಕಡೆ ಬಾಳೆಗೊನೆಯನ್ನು ಹೊಗೆ ಹಾಕಿ ಹಣ್ಣು ಮಾಡುವುದಿತ್ತು. ಕಾಯಿಯನ್ನು ಹಣ್ಣಾಗಿಸುವುದು ಹೊಗೆಯ ಬಿಸಿಯೊಂದೇ ಅಲ್ಲ, ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲ. ಹಣ್ಣಾಗುವ ಬಾಳೆ, ಮಾವು, ಸೇಬು ತಾವೂ ಅದನ್ನೇ ಬಿಡುತ್ತವೆ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಗ್ಯಾಸ್ ದೀಪಗಳ ಬಳಿಯ ಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು, ಕಾರಣ ಗೊತ್ತಿರಲಿಲ್ಲ. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್ ಬಟಾಣಿ ಸಸಿಗಳ ಮೇಲೆ ಪ್ರಯೋಗ ಮಾಡಿ, ಆ ಗ್ಯಾಸಿನಲ್ಲಿದ್ದ ಎಥಿಲೀನೇ ಗಿಡಗಳನ್ನು ಕೆಡಿಸುತ್ತಿದೆ ಎಂದು ತೋರಿಸಿದರು. ಕಾಯಿಗೆ ಹಣ್ಣಾಗು ಎನ್ನುವ ಈ ಅನಿಲ ಹೂವಿಗೆ ನಿನ್ನ ಕೆಲಸ ಮುಗಿಯಿತು ಎನ್ನುತ್ತದೆ. ಕಾರ್ನೇಷನ್, ಆರ್ಕಿಡ್‌ಗಳಿಗೆ ಇದು ಬೇಗ ತಾಗುತ್ತದೆ, ಗುಲಾಬಿಗೆ ತಳಿ ನೋಡಿಕೊಂಡು. ಸೇವಂತಿಗೆ, ಜರ್ಬೆರಾ ಅಷ್ಟಾಗಿ ಲೆಕ್ಕಿಸುವುದಿಲ್ಲ. ಊಟದ ಮೇಜಿನ ಮೇಲೆ ಹಣ್ಣಿನ ಬುಟ್ಟಿಯ ಪಕ್ಕ ಹೂದಾನಿ ಇಡುವುದು, ಊದುಬತ್ತಿಯ ಹೊಗೆ ತುಂಬುವ ಸಣ್ಣ ದೇವರ ಕೋಣೆಯಲ್ಲಿ ಇಡುವುದು, ಹಣ್ಣು ತುಂಬಿದ ಫ್ರಿಜ್ಜಿನಲ್ಲಿ ಗುಲಾಬಿ ಇಡುವುದು, ಈ ಮೂರನ್ನೂ ತಪ್ಪಿಸಿ. ಬಾಡಿದ ಹೂವೂ ಇದೇ ಅನಿಲ ಬಿಡುವುದರಿಂದ ಅದನ್ನು ಕಂಡ ಕೂಡಲೇ ತೆಗೆದುಬಿಡಿ. ಆಂಥೂರಿಯಂ, ಆರ್ಕಿಡ್, ಹೆಲಿಕೋನಿಯಾಗಳಂತೂ ಬಿಸಿಸೀಮೆಯ ಮಕ್ಕಳು, ಫ್ರಿಜ್ಜಿನ ಚಳಿಗೇ ಕಪ್ಪಾಗುತ್ತವೆ.

ಜೋಡಿಸುವ ಕಲೆಗೆ ಬಂದರೆ, ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಸ್ಪರ್ಧೆಗಳನ್ನು ಒಮ್ಮೆ ನೋಡಿ. 1912ರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗೆಲ್ ಕಾಲದಲ್ಲಿ ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘ, ಜಪಾನಿನ ಹೂಜೋಡಣೆಯ ಕಲೆಯಾದ ಇಕೆಬಾನಾದಿಂದ ಒಣಹೂವಿನವರೆಗೆ ಬಗೆಬಗೆಯ ಜೋಡಣೆಗೆ ಅಲ್ಲಿ ಜಾಗ ಕೊಡುತ್ತ ಬಂದಿದೆ. ಮನೆ ತೋಟದವರಿಗೆ ಇಕೆಬಾನಾ ಬಹಳ ಒದಗುತ್ತದೆ ಎಂಬುದು ನನ್ನ ಅನುಭವ. ನಮ್ಮಲ್ಲಿ ಒಂದು ದಿನಕ್ಕೆ ಸಿಗುವುದೇ ಮೂರು ಡೇರೆ, ನಾಲ್ಕು ಕಡ್ಡಿ ಎಲೆ. ತುಂಬಿ ತುಳುಕುವ ಗುಚ್ಛಕ್ಕೆ ಅದು ಸಾಲದು, ಇಕೆಬಾನಾಕ್ಕೆ ಹೆಚ್ಚಾಯಿತು.

1927ರಲ್ಲಿ ಜಪಾನಿನಲ್ಲಿ ಶುರುವಾದ ಸೊಗೆತ್ಸು ಪಂಥದ ಮೊದಲ ಪಾಠದಲ್ಲಿ ಮೂರು ಮುಖ್ಯ ಕಡ್ಡಿಗಳಿರುತ್ತವೆ. ಅಗಲ ಬಟ್ಟಲಿನ ಅಗಲ ಮತ್ತು ಆಳ ಕೂಡಿಸಿ, ಅದರ ಒಂದೂವರೆ ಪಟ್ಟು ಉದ್ದಕ್ಕೆ ಮೊದಲ ಕಡ್ಡಿ. ಅದರ ಮುಕ್ಕಾಲು ಎರಡನೆಯದು, ಎರಡನೆಯದರ ಮುಕ್ಕಾಲು ಮೂರನೆಯದು. 20 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಆಳದ ಬಟ್ಟಲಾದರೆ ಸುಮಾರು 37, 28, 21 ಸೆಂಟಿಮೀಟರ್. ಮೊದಲನೆಯದು ಹೆಚ್ಚು ಕಡಿಮೆ ನೆಟ್ಟಗೆ, ಹದಿನೈದು ಡಿಗ್ರಿ ಬಾಗಿ, ಎರಡನೆಯದು ನಲವತ್ತೈದು, ಮೂರನೆಯದು ಎಪ್ಪತ್ತೈದು ಡಿಗ್ರಿ ವಾಲಿ ಮುಂದಕ್ಕೆ ಚಾಚಿರಬೇಕು. ಉದ್ದದ ಎರಡಕ್ಕೆ ಕ್ರೋಟನ್ ಕಡ್ಡಿಯೋ ಸೀಬೆ ಟೊಂಗೆಯೋ ಇಟ್ಟು, ಗಿಡ್ಡದ್ದಕ್ಕೆ ಒಂದು ಡೇರೆ ಇಡಿ. ಭಾರದ ಹೂ ಕೆಳಗಿದ್ದಾಗ ಕಣ್ಣಿಗೂ ನೆಮ್ಮದಿ, ಮೆದು ದಂಟಿಗೂ ನೆಮ್ಮದಿ. ನಡುವೆ ಉಳಿದ ಖಾಲಿ ಜಾಗವನ್ನು ತುಂಬುವ ಆಸೆ ಬರುತ್ತದೆ, ತುಂಬಬೇಡಿ. ಕಡ್ಡಿಗಳ ಗೆರೆ ಕಾಣುವುದೇ ಆ ಖಾಲಿಯಲ್ಲಿ.

ಕಡ್ಡಿ ನಿಲ್ಲಿಸಲು ಮೊಳೆಗಳ ಹಾಸಿನಂಥ ಪಿನ್ ಹೋಲ್ಡರ್ ಸಿಗುತ್ತದೆ, ಒಮ್ಮೆ ಕೊಂಡರೆ ಜೀವಮಾನಕ್ಕೆ ಸಾಕು. ಹಸಿರು ಫೋಮ್ ಇಟ್ಟಿಗೆಯನ್ನು ನಾನು ಬಿಟ್ಟಿದ್ದೇನೆ. ಅದು ಕರಗದ ಪ್ಲಾಸ್ಟಿಕ್, ಪುಡಿಯಾಗಿ ತೋಟದ ಮಣ್ಣಿಗೇ ಸೇರುತ್ತದೆ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯದು ಹಿತ್ತಿಲಲ್ಲೇ ಬಿದ್ದಿರುತ್ತದೆ: ಗೊನೆ ಕಡಿದ ಬಾಳೆ ದಿಂಡು. ಒಂದು ಗೇಣುದ್ದದ ತುಂಡು ಅಗಲ ತಟ್ಟೆಯ ನೀರಿನಲ್ಲಿಟ್ಟು, ತೆಂಗಿನ ಗರಿಕಡ್ಡಿಯಲ್ಲಿ ತೂತು ಮಾಡಿಕೊಂಡು ಹೂ ಚುಚ್ಚಬಹುದು. ಮಂಟಪ ಕಟ್ಟುವವರು ಮೊದಲಿಂದ ಮಾಡಿದ್ದೇ ಇದು. ಒಂದೆರಡು ದಿನದ ಹಬ್ಬಕ್ಕೆ ಧಾರಾಳ ಸಾಕು, ಆಮೇಲೆ ಗೊಬ್ಬರಗುಂಡಿಗೆ.

ದಂಟು ಸಿಗದ ಹೂಗಳಿಗೆ ಉರುಳಿಯ ನೀರೇ ಸರಿ. ದಾಸವಾಳಕ್ಕೆ ಅದೂ ಬೇಡ. ಒಂದೇ ದಿನದ ಹೂ ಅದು, ಕೊಯ್ದು ಬರಿಯ ಮೇಜಿನ ಮೇಲಿಟ್ಟರೂ ಗಿಡದಲ್ಲಿದ್ದಷ್ಟೇ ಹೊತ್ತು ಅರಳಿರುತ್ತದೆ.

ಡೇರೆ ಗಿಡದ ಮಾತೊಂದು ಉಳಿದಿದೆ. ಹೂವನ್ನು ಕತ್ತಿನ ಹತ್ತಿರ ಕೊಯ್ಯದೆ, ಕೆಳಗೆ ಒಂದು ಜೊತೆ ಎಲೆಯ ಗಿಣ್ಣಿನವರೆಗೆ ಇಳಿದು, ಅದರ ಸ್ವಲ್ಪ ಮೇಲೆ ಕತ್ತರಿಸಿ. ಅಕ್ಕಪಕ್ಕದ ಮೊಗ್ಗುಗಳೂ ದಂಟಿನ ಜೊತೆ ಹೋಗುತ್ತವೆ, ಮೊದಮೊದಲು ಸಂಕಟವಾಗುತ್ತದೆ. ಆದರೆ ಆ ಗಿಣ್ಣಿನಿಂದ ಎರಡು ಕವಲು ಒಡೆದು, ಎರಡಕ್ಕೂ ಹೂದಾನಿಗೆ ಆಗುವಷ್ಟು ಉದ್ದದ ದಂಟು ಬರುತ್ತದೆ. ಮೇಲೆ ಮೇಲೆ ಕೊಯ್ದ ಗಿಡ ಗಿಡ್ಡ ದಂಟಿನ ಸಣ್ಣ ಹೂಗಳನ್ನೇ ಬಿಡುತ್ತ ಹೋಗುತ್ತದೆ. ನಮ್ಮ ಅತ್ತೆ ಈಗ ಕತ್ತರಿ ನನ್ನ ಕೈಗೆ ಕೊಡುವುದಿಲ್ಲ. ಸಂಜೆ ಮಳೆ ನಿಂತ ಮೇಲೆ ತಾವೇ ಬಕೆಟ್ ಹಿಡಿದು ಸಾಲಿಗೆ ಇಳಿಯುತ್ತಾರೆ, ಎಸಳಿನ ಮೇಲಿನ ನೀರು ಕೊಡವಿ, ಗಿಣ್ಣು ನೋಡಿ ಕೊಯ್ಯುತ್ತಾರೆ. ಬಿಸಿನೀರು ಕಾಯಿಸಿಡುವುದು ನನ್ನ ಪಾಲಿಗೆ.